ಉತ್ತರಕ್ಕೆ ಮುಖ ಮಾಡಿದ ಪ್ಲೇಟು

ಪಟ್ಟಿಯಲ್ಲಿ ಏಳನೆಯ ಹೆಸರು ಸುಭದ್ರಾಬಾಯಿಯದು. ಮುಂಜಾನೆ ಆಳಂದದ ಆಫೀಸಿನ ಮೆಟ್ಟಿಲ ಮೇಲೆ ನಿಂತಾಗಲೇ ಶ್ರೀಮಂತ ಅದನ್ನು ನೋಡಿದ್ದ. ನೋಡಿಯೂ ನೋಡದವನ ಹಾಗೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ತುರುಕಿದ್ದ. ಈಗ ಜೀಪಿನ ಹಿಂದಿನ ಸೀಟಿನಲ್ಲಿ, ಪಾನಾ, ಇಕ್ಕಳ, ವಾಯರಿನ ಸುರುಳಿಗಳ ನಡುವೆ ಕುಳಿತವನಿಗೆ ಆ ಹಾಳೆ ಎದೆಗೆ ಚುಚ್ಚುತ್ತಿತ್ತು. ಚುಚ್ಚುವಷ್ಟು ಗಟ್ಟಿ ಕಾಗದವೇನಲ್ಲ ಅದು. ಆದರೂ ತಗ್ಗು ಬಂದು ಜೀಪು ಹಾರಿದಾಗಲೆಲ್ಲ ಅವನ ಕೈ ತಾನಾಗಿ ಜೇಬಿನ ಮೇಲೆ ಹೋಗುತ್ತಿತ್ತು. ಮುಂದೆ ಡ್ರೈವರ್ ಜಾವೀದನ ಪಕ್ಕದಲ್ಲಿ ಕೂತ ಇಂಜಿನಿಯರ್ ಅರುಣಕುಮಾರ ಮೊಬೈಲಿನಲ್ಲಿ ಅದೇ ಪಟ್ಟಿಯನ್ನು ಬೆರಳಿನಿಂದ ಮೇಲಕ್ಕೆ ಕೆಳಕ್ಕೆ ಜಾರಿಸುತ್ತ ಇವತ್ತಿನ ಕೆಲಸವನ್ನು ಮತ್ತೊಮ್ಮೆ ವಿವರಿಸುತ್ತಿದ್ದ. ಕಂಬ ಇಲ್ಲದ, ಕರೆಂಟು ಬರುವ ಭರವಸೆಯೂ ಇಲ್ಲದ ಹೊಲದ ಮನೆಗಳಿಗೆ ಸಂಸ್ಥೆ ಹೋದ ಯುಗಾದಿಯ ಹೊತ್ತಿಗೆ ಸೋಲಾರ್ ದೀಪ ಕೊಟ್ಟಿತ್ತು. ದೀಪ ಹತ್ತುವುದಿಲ್ಲವೆಂದು ಯಾರ್ಯಾರ ಮನೆಯಿಂದ ದೂರು ಬಂದಿದೆಯೋ ಅಲ್ಲಿಗೆಲ್ಲ ಹೋಗಿ ನೋಡಬೇಕು. ಸಾಮಾನು ಕೆಟ್ಟಿದ್ದರೆ ರಿಪೇರಿ. ಮನೆಯವರೇ ಪ್ಲೇಟು ತಿರುಗಿಸಿದ್ದರೆ, ಬ್ಯಾಟರಿ ಬೇರೆಯದಕ್ಕೆ ಹಚ್ಚಿದ್ದರೆ, ಬಿಚ್ಚಿಕೊಂಡು ಬಂದು ಜೇವರ್ಗಿ ಕಡೆ ಕಾದು ಕುಳಿತವರಿಗೆ ಕೊಟ್ಟುಬಿಡಬೇಕು. ಅರುಣಕುಮಾರ ಒಳ್ಳೆಯ ಮನುಷ್ಯ, ಮೇಲಿನವನೆಂಬ ಸೊಕ್ಕಿಲ್ಲ, ಶ್ರೀಮಂತನನ್ನು ಕಾಕಾ ಎಂದೇ ಕರೆಯುತ್ತಿದ್ದ. ಆ ಮೆತ್ತನೆಯ ದನಿಯೇ ಇವತ್ತು ಸಹಿಸಲಾಗುತ್ತಿರಲಿಲ್ಲ. ಬೈಯುವ ಸಾಹೇಬನಾಗಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು.

ಎರಡೂ ಬದಿಗೆ ತೊಗರಿ ಕೊಯ್ದ ಹೊಲ. ಕೂಳೆ ಉಳಿದ ಕಪ್ಪು ನೆಲದ ಮೇಲೆ ಹತ್ತು ಗಂಟೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ಬನ್ನಿಗಿಡದ ನೆರಳು ಬಡಗಣಕ್ಕೆ ವಾಲಿ ಉದ್ದಕ್ಕೆ ಚಾಚಿಕೊಂಡದ್ದನ್ನು ಕಂಡು ಶ್ರೀಮಂತ ಮುಖ ತಿರುಗಿಸಿದ. ದೀಪಾವಳಿ ಆದಾಗಿನಿಂದ ಹೀಗೆ. ನೆರಳು ಕಂಡರೆ ಸಾಕು, ಅದು ಯಾವ ದಿಕ್ಕಿಗೆ ಬಿದ್ದಿದೆ, ಸೂರ್ಯ ಎಷ್ಟು ತೆಂಕಣಕ್ಕೆ ಜಾರಿದ್ದಾನೆ ಎಂದು ಮನಸ್ಸು ಲೆಕ್ಕ ಹಾಕುತ್ತದೆ, ಮತ್ತು ಲೆಕ್ಕದ ಕೊನೆಗೆ ಯಾವಾಗಲೂ ಅದೇ ಮಾಳಿಗೆ, ಅದೇ ಪ್ಲೇಟು. ಇಪ್ಪತ್ತು ವರ್ಷ ವಾಯರಮನ್ ಕೆಲಸ ಮಾಡಿದವನಿಗೆ ನಟ್ಟು ಬಿಗಿದ ಮೇಲೆ ಒಂದು ಮನೆಯನ್ನು ಮರೆಯುವುದು ಅಭ್ಯಾಸವಾಗಿತ್ತು. ಇದೊಂದು ಮನೆ ಮಾತ್ರ ಮರೆಯಲೊಲ್ಲದು. ಎಷ್ಟು ಸಲ ಆಕೆ ಫೋನು ಮಾಡಿದಳು. ಅಟ್ಟದ ಮೇಲೆ ಕೂತು ಹಂಚು ಸರಿಮಾಡುವಾಗೊಮ್ಮೆ, ಬಸವ ಪಂಚಮಿಯ ದಿನ ಕಡುಬು ತಿನ್ನುವಾಗೊಮ್ಮೆ ಎಂದು ನೆನಪು ತಪ್ಪು ತಪ್ಪಾಗಿ ಹೇಳುತ್ತಿತ್ತು; ಪಂಚಮಿಗೆ ದೀಪ ಸರಿಯಾಗಿಯೇ ಇತ್ತಲ್ಲ, ಆಗ ಯಾಕೆ ಆಕೆ ಫೋನು ಮಾಡುತ್ತಾಳೆ. ಕರೆ ಬರತೊಡಗಿದ್ದು ಚಳಿ ಬಿದ್ದ ಮೇಲೆ. ಹೆಸರು ಕಂಡ ಕೂಡಲೇ ಅವನು ಫೋನನ್ನು ಬೋರಲು ಹಾಕುತ್ತಿದ್ದ. ಹೆಂಡತಿ ಸುನಿತಾ ಕೇಳಿದರೆ, ಆಕೆಗೆ ಬೇರೆ ಕೆಲಸ ಇಲ್ಲ, ಎಂದು ಗದರುತ್ತಿದ್ದ.

ಪ್ಲೇಟು ಕೂರಿಸಿದ ಆ ದಿನದ ಸಿಟ್ಟು ಆಕೆಯ ಮೇಲಿನದೇ ಆಗಿರಲಿಲ್ಲ. ಹಿಂದಿನ ದಿನ ಅಫಜಲಪುರದಲ್ಲಿ ಕಾರ್ಯಕ್ರಮ ಇತ್ತು. ದೊಡ್ಡವರೆಲ್ಲ ಬಂದಿದ್ದರು. ಪ್ಲೇಟು ಹಿಡಿದು ನಿಲ್ಲಲು ಶ್ರೀಮಂತನನ್ನು ವೇದಿಕೆಗೆ ಕರೆದರು. ಅವನು ಹೊಸ ಅಂಗಿ ತೊಟ್ಟು, ಹಣೆಯ ಮೇಲಿನ ವಿಭೂತಿ ಅಳಿಸದ ಹಾಗೆ ಬೆವರು ಒತ್ತಿಕೊಂಡು ಹೋಗಿ ನಿಂತ. ಫೋಟೋದವನು, ಸ್ವಲ್ಪ ಸರೀರಿ, ಇನ್ನೂ ಸ್ವಲ್ಪ, ಎನ್ನುತ್ತ ಹೋದ. ಮರುದಿನದ ಪೇಪರಿನಲ್ಲಿ ಎಲ್ಲರೂ ಇದ್ದರು. ಒಂದು ಅಂಚಿನಿಂದ ಬಂದು ಪ್ಲೇಟಿನ ಮೂಲೆ ಹಿಡಿದಿದ್ದ ಕೈಯೊಂದೇ ಶ್ರೀಮಂತನದು. ಚಹಾದಂಗಡಿಯಲ್ಲಿ ಜಾವೀದ ಪೇಪರನ್ನು ಎತ್ತಿ ಹಿಡಿದು ಎಲ್ಲರಿಗೂ ಕೇಳುವ ಹಾಗೆ, “ಕಾಕಾ, ನಿಮ್ಮ ಹೆಬ್ಬಟ್ಟು ಭಾಳ ಚಂದ ಬಂದದ ನೋಡ್ರಿ,” ಎಂದಿದ್ದ. ಎಲ್ಲರ ಜೊತೆ ಶ್ರೀಮಂತನೂ ನಕ್ಕಿದ್ದ. ಗಾಣಗಾಪುರ ದಾಟಿ ಹೊಲದ ದಾರಿ ಹಿಡಿಯುವ ಹೊತ್ತಿಗೆ ಅವನು ಯಾರ ಮೇಲಾದರೂ ಹರಿಹಾಯಲು ಸಿದ್ಧನಾಗಿದ್ದ. ಮೊದಲು ನಜಮುನ್ನಿಸಾಳ ಮನೆ. ಅಲ್ಲಿ ಏನೂ ತಕರಾರಿಲ್ಲ. ತೆಂಕಣಕ್ಕೆ ಪ್ಲೇಟು ಕೂರಿಸಿದ, ಆಕೆ ಚಹಾ ಕೊಟ್ಟಳು. ನಡುವೆ ಒಂದು ಹೊಲ ಬಿಟ್ಟು ಸುಭದ್ರಾಬಾಯಿಯ ಮನೆ. ಸ್ಟ್ಯಾಂಡು ಕೂರಿಸಿ ಪ್ಲೇಟು ಎತ್ತುವಷ್ಟರಲ್ಲಿ ಆಕೆ ತಲೆಯ ಮೇಲಿನ ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು ಏಣಿ ಹತ್ತಿ ಮಾಳಿಗೆಗೆ ಬಂದಿದ್ದಳು.

“ಅಣ್ಣಾರ, ದಕ್ಷಿಣಕ್ಕ ಬ್ಯಾಡ್ರಿ. ಹೋದ ವರ್ಷ ಆ ದಿಕ್ಕಿಗಿ ದೀಪ ಇಟ್ಟೀನ್ರಿ, ಹದಿಮೂರು ದಿನ. ಇನ್ನ ಒಲ್ಲೆ.”

ಗಂಡ ಸತ್ತ ಜಾಗದಲ್ಲಿ ಬತ್ತಿಯನ್ನು ದಕ್ಷಿಣಕ್ಕೆ ಮಾಡಿ ಇಡುವ ದೀಪದ ಮಾತು ಅದು. ಅವನಿಗೆ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ, ಅದು ಸುಳ್ಳು. ಅರ್ಥವಾಗಿಯೂ ಅವನು ಎದೆಯ ಮೇಲಿನ ಲಿಂಗವನ್ನು ಮುಟ್ಟಿ, ನಾವು ಶರಣರ ಮಂದಿ, ದಿಕ್ಕು ಗಿಕ್ಕು ಎಂದು ಕೂಡ್ರುವವರಲ್ಲ, ಇಂಥ ಬುದ್ಧಿಗೇ ನಿಮ್ಮ ಮನೆಗಳು ಕತ್ತಲಲ್ಲಿ ಇರೋದು ಎಂದು ದೊಡ್ಡ ದನಿಯಲ್ಲಿ ಹೇಳಿದ್ದ. ಯಾರು ಹೇಳಿದ್ದು ಈ ಮಾತು? ನಿಂಬರ್ಗಾದಲ್ಲಿ ಸ್ವಂತ ಮನೆ ಕಟ್ಟುವಾಗ, ಸುನಿತಾಳ ಹಟಕ್ಕೆ, ದಕ್ಷಿಣಕ್ಕಿದ್ದ ತಲಬಾಗಿಲನ್ನು ಕಿತ್ತು ಮೂಡಣಕ್ಕೆ ಕೂರಿಸಿದವನು. ಸುಭದ್ರಾಬಾಯಿ ಸಿಟ್ಟಾಗಲಿಲ್ಲ. ಅವನ ಮುಖವನ್ನೇ ನೋಡಿ, ಶರಣರ ಮನೆಗೆ ಸಾವು ಬರುವುದಿಲ್ಲವೇ ಎಂದು ಕೇಳಿದಳು. ನಿಜಕ್ಕೂ ತಿಳಿಯಲೆಂದೇ ಕೇಳಿದ ಮಾತು. ಈಗ ಅದು ಅವನಿಗೆ ಗೊತ್ತು. ಆಗ ಪ್ಲೇಟು ನೋಡಲು ಬಂದು ಕೆಳಗೆ ನಿಂತ ಹೆಂಗಸರಲ್ಲಿ ಯಾರೋ ಇಬ್ಬರು ಕಿಸಕ್ಕನೆ ನಕ್ಕರು, ಮತ್ತು ಆ ನಗೆಯಲ್ಲಿ ಚಹಾದಂಗಡಿಯ ನಗೆಯೂ ಸೇರಿಕೊಂಡು ಅವನ ಕಿವಿ ಬಿಸಿಯಾಯಿತು. ತಗೋರಿ, ನಿಮ್ಮ ದಿಕ್ಕು ನೀವೇ ಇಟ್ಟುಕೊಳ್ಳಿರಿ ಎಂದವನೇ ಸ್ಟ್ಯಾಂಡನ್ನು ಬುಡಸಮೇತ ತಿರುವಿ, ಪ್ಲೇಟಿನ ಮುಖವನ್ನು ನೇರ ಉತ್ತರಕ್ಕೆ ಮಾಡಿ ನಾಲ್ಕೂ ಬೋಲ್ಟುಗಳನ್ನು ಹಲ್ಲು ಕಚ್ಚಿ ಬಿಗಿದ. ಆಮೇಲೆ ಫೋಟೋ. ಮೊಬೈಲಿನಲ್ಲಿ ದಿಕ್ಕೂ ಬರುವ ಹಾಗೆ ಪ್ಲೇಟಿನ ಫೋಟೋ ತೆಗೆದು ಕಳಿಸಬೇಕೆಂಬ ನೇಮ ಇತ್ತು. ಅವನು ಹೊಲ ದಾಟಿ ಹಿಂದಕ್ಕೆ ಹೋಗಿ, ನಜಮುನ್ನಿಸಾಳ ಪ್ಲೇಟಿನದೇ ಇನ್ನೊಂದು ಫೋಟೋ ತೆಗೆದು, ಅದನ್ನು ಸುಭದ್ರಾಬಾಯಿಯ ಹೆಸರಿಗೆ ಏರಿಸಿಬಿಟ್ಟ.

ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ವೈಶಾಖ ಜ್ಯೇಷ್ಠದಲ್ಲಿ ಒಂದಿಷ್ಟು ಬಡಗಣಕ್ಕೂ ವಾಲುತ್ತಾನೆ. ಹಾಗಾಗಿ ದೀಪ ಭರ್ಜರಿಯಾಗಿ ಹತ್ತಿತು. ಗಾಣಗಾಪುರದ ಒಂದು ಖಾನಾವಳಿಗೆ ಸುಭದ್ರಾಬಾಯಿ ದಿನಾ ಜೋಳದ ರೊಟ್ಟಿ ಬಡಿದು ಕಳಿಸುತ್ತಿದ್ದಳು. ಮುಂಜಾನೆಯ ಮೊದಲ ಯಾತ್ರಿಕರಿಗೆ ರೊಟ್ಟಿ ಮುಟ್ಟಬೇಕಾದರೆ ಕೋಳಿ ಕೂಗುವ ಮೊದಲೇ ಒಲೆ ಹಚ್ಚಬೇಕು. ಆ ಬೆಳಕಿನಲ್ಲಿ ಆಕೆಯ ರೊಟ್ಟಿ ಒಂದೂ ಸೀಯುತ್ತಿರಲಿಲ್ಲವಂತೆ. ಜ್ಯೇಷ್ಠದಲ್ಲಿ ಒಮ್ಮೆ ಜಾವೀದನ ಕೈಯಲ್ಲಿ ಶ್ರೀಮಂತನಿಗೆಂದು ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಶೇಂಗಾಹಿಂಡಿ ಕಳಿಸಿದಳು. ಅವನು ತಿಂದ. ತಿಂದು, ರೊಟ್ಟಿ ಎಷ್ಟು ಮೆತ್ತಗಿದೆ ಎಂದೂ ಹೇಳಿದ. ಅವಳ ಮಾತಿನಂತೆ ಉತ್ತರಕ್ಕೆ ಇಟ್ಟಿದ್ದೇ ಒಳ್ಳೆಯದಾಯಿತೇನೋ ಎಂಬ ಹೊಲಸು ಸಮಾಧಾನವೂ ಆಗಿತ್ತು. ಸೂರ್ಯ ತೆಂಕಣಕ್ಕೆ ಜಾರತೊಡಗಿದಂತೆ, ದಸರೆಯ ಮುಂದೆ ಬೆಳಕು ಮಂಕಾಯಿತು. ದೀಪಾವಳಿಯ ನಂತರ, ಹಚ್ಚಿದ ಅರೆಗಳಿಗೆಗೇ ಕಣ್ಣು ಮುಚ್ಚತೊಡಗಿತು. ನಾಲ್ಕು ಬೋಲ್ಟು ಸಡಿಲಿಸಿ ತಿರುಗಿಸುವ ಕೆಲಸ, ಹತ್ತು ನಿಮಿಷದ್ದು. ಅವನು ಹೋಗಲಿಲ್ಲ. ಹೋದರೆ, ತಿರುಗಿಸಿದರೆ, ಯಾಕೆ ತಿರುಗಿಸಿದೆ ಎಂದು ಹೇಳಬೇಕಾಗುತ್ತದೆ. ಸುಭದ್ರಾಬಾಯಿ ಸ್ವಲ್ಪ ದಿನ ನಜಮುನ್ನಿಸಾಳ ಅಂಗಳಕ್ಕೆ ಹಿಟ್ಟು, ಅದನ್ನು ನಾದುವ ಕೊಣಮಿಗೆ ಹೊತ್ತು ಹೋಗಿ ಅವಳ ಬೆಳಕಿನಲ್ಲಿ ರೊಟ್ಟಿ ಬಡಿದಳು. ಅದು ಖಾನಾವಳಿಯವನ ಕಿವಿಗೆ ಬಿತ್ತು. ಅವನು ಕೆಟ್ಟ ಮಾತು ಆಡಲಿಲ್ಲವಂತೆ. ಯಾರ ಮನ್ಯಾಗ ಬಡಿದ ರೊಟ್ಟಿ ಅಂತ ಯಾತ್ರಿಕರು ಕೇಳ್ತಾರ, ಎಂದನಂತೆ ಅಷ್ಟೆ. ಮರುದಿನದಿಂದ ರೊಟ್ಟಿ ಬೇಡವಾಯಿತು. ಇದನ್ನೆಲ್ಲ ಜಾವೀದ ಗಾಡಿ ತೊಳೆಯುತ್ತ ಹೇಳಿದಾಗ ಶ್ರೀಮಂತ, ನನಗ್ಯಾಕೆ ಹೇಳ್ತೀ ಎಂದು ಅವನ ಮೇಲೆ ರೇಗಿದ್ದ.

ಜೀಪು ನಿಂತಿತು. ಸುಭದ್ರಾಬಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಎದ್ದಳು. ತೆಳ್ಳಗಾಗಿದ್ದಳು, ಅಥವಾ ಅವನು ಹಾಗೆ ಅಂದುಕೊಂಡ. ಬರ್ರಿ ಅಣ್ಣಾರ, ಎಂದು ಮೊದಲು ಅವನನ್ನೇ ಕರೆದಳು. ಎತ್ತದ ಫೋನುಗಳ ಬಗ್ಗೆ ಒಂದು ಮಾತೂ ಇಲ್ಲ. ಸಾಹೇಬರು ಬಂದದ್ದಕ್ಕೆ ಆಕೆಗೆ ಎಷ್ಟು ಸಂತೋಷವಾಗಿತ್ತೆಂದರೆ, ಬ್ಯಾಟರಿ ಹಾಳಾಗಿರಬೇಕೆಂದು ತಾನೇ ರೋಗ ಹೇಳಿ, ಒಳಗೆ ಕರೆದೊಯ್ದು ಬಟ್ಟೆ ಹೊದಿಸಿಟ್ಟ ಬ್ಯಾಟರಿಯನ್ನು ತೋರಿಸಿದಳು. ಅರುಣಕುಮಾರ ಮೀಟರು ಹಚ್ಚಿ ನೋಡಿ ತಲೆಯಲ್ಲಾಡಿಸಿದ. ಏಣಿ ಹತ್ತಿದ. ಶ್ರೀಮಂತನೂ ಹಿಂದೆ ಹತ್ತಿದ, ಒಂದೊಂದು ಮೆಟ್ಟಿಲಿಗೂ ಈಗ ಹೇಳಿಬಿಡುತ್ತೇನೆ, ಈ ಮೆಟ್ಟಿಲಿಗೆ ಹೇಳುತ್ತೇನೆ ಎಂದುಕೊಳ್ಳುತ್ತ. ಮೇಲೆ ಅರುಣಕುಮಾರ ಮೊಬೈಲಿನ ಫೋಟೋ ನೋಡಿದ, ಪ್ಲೇಟು ನೋಡಿದ, ಮತ್ತೆ ಫೋಟೋ ನೋಡಿದ. ಕಾಕಾ, ನೀವು ಸರಿ ಕೂರಿಸೀರಿ, ಇವರು ತಿರುಗಿಸ್ಯಾರ ಎಂದ. ಶ್ರೀಮಂತನ ಬಾಯಿ ತೆರೆಯಿತು. ಅಷ್ಟರಲ್ಲಿ ಅರುಣಕುಮಾರ ಕೆಳಗಿಳಿಯತೊಡಗಿದ್ದ.

ಅಂಗಳದಲ್ಲಿ ಆತ ಸುಭದ್ರಾಬಾಯಿಗೆ ಫೋಟೋ ತೋರಿಸಿದ. ಆಕೆ ಎರಡೂ ಕೈಯಲ್ಲಿ ಫೋನು ಹಿಡಿದು, ಬಿಸಿಲಿಗೆ ಬೆನ್ನು ಮಾಡಿ, ಬಹಳ ಹೊತ್ತು ನೋಡಿದಳು. ಪ್ಲೇಟು, ಅದರ ಹಿಂದೆ ಆಕಾಶ. ಎಲ್ಲ ಪ್ಲೇಟೂ ಹಾಗೆಯೇ ಇರುತ್ತವೆ, ಎಲ್ಲ ಮಾಳಿಗೆಯ ಮೇಲೂ ಅದೇ ಆಕಾಶ. ಯಾರು ತಿರುಗಿಸಿದರು ಎಂದು ಅರುಣಕುಮಾರ ಕೇಳಿದ್ದಕ್ಕೆ ಆಕೆಗೆ ತನ್ನ ನೆನಪಿನ ಮೇಲೆಯೇ ಅನುಮಾನ ಬಂದಂತೆ ಕಂಡಿತು. ಹುಬ್ಬು ಗಂಟಿಕ್ಕಿ ನೆಲ ನೋಡಿದಳು.

“ನಾನೇ ಅಂದಿದ್ದೆನ್ರಿ ಸಾಹೇಬ್ರ, ದಕ್ಷಿಣಕ್ಕ ಬ್ಯಾಡ ಅಂತ. ಅದು ಖರೇ ಅದ. ಅಣ್ಣಾರಿಗಿ ಕೇಳ್ರಿ.”

ಅಣ್ಣಾರಿಗೆ ಕೇಳಿ ಎಂದು ಅವನ ಕಡೆ ತಿರುಗಿದ ಆ ಮುಖದಲ್ಲಿ ದೂರು ಇರಲಿಲ್ಲ. ಬರೆಯಲು ಬಾರದವರು ಅರ್ಜಿ ಬರೆಸುವಾಗ ಬರೆಯುವವನ ಮುಖ ನೋಡುತ್ತಾರಲ್ಲ, ಹಾಗಿತ್ತು. ಮುಂದಿನ ಮಾತು ಅವನು ಹೇಳಬೇಕು, ಅವನು ಹೇಳಿದ್ದೇ ಆಕೆಯ ಮಾತಾಗುತ್ತದೆ. ಜಾವೀದ ಜೀಪಿಗೆ ಒರಗಿ ನಿಂತು ನೋಡುತ್ತಿದ್ದ. ನಜಮುನ್ನಿಸಾ ತನ್ನ ಹೊಲದ ಬದುವಿನ ಮೇಲೆ ಬಂದು ನಿಂತಿದ್ದಳು. ಇಷ್ಟು ಜನರ ನಡುವೆ, ಏಳನೇ ಇಯತ್ತೆ ತನಕ ಕಲಿತು ಇಂಜಿನಿಯರರ ಜೊತೆ ಜೀಪಿನಲ್ಲಿ ಓಡಾಡುವ ಮನುಷ್ಯ, ನಾನೇ ಮಾಡಿದೆ, ಸಿಟ್ಟಿಗೆ ಮಾಡಿದೆ, ಸುಳ್ಳು ಫೋಟೋ ಕಳಿಸಿದೆ ಎಂದು ಹೇಳುವುದು ಹೇಗೆ? ಹೆದರಿಕೆ ಅವನೊಳಗೆ ಬಂದರೆ ಯಾವಾಗಲೂ ಒಂದೇ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಅವನ ದನಿ ಏರಿತು.

“ಅವತ್ತೇ ಬಡಕೊಂಡೆ ಯಕ್ಕಾ, ನೀವು ಕೇಳಿದ್ರೇನು?”

ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಸುಭದ್ರಾಬಾಯಿ ನಿಧಾನಕ್ಕೆ ತಲೆಯಾಡಿಸಿ, ಕೇಳಲಿಲ್ಲ ಎಂದು ಒಪ್ಪಿಕೊಂಡಳು. ಅರುಣಕುಮಾರ ಬಹಳ ನೊಂದುಕೊಂಡೇ ನೇಮ ವಿವರಿಸಿದ, ಮನೆಯವರೇ ಪ್ಲೇಟು ತಿರುಗಿಸಿದ್ದಾರೆಂದು ಫಾರಂ ತುಂಬಿ ಪೆನ್ನು ಕೊಟ್ಟ. ಆಕೆ ಹೆಸರಿನ ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಬರೆದಳು. ಫಾರಮಿನ ಚಿತ್ರ ತೆಗೆದು ಅಲ್ಲಿಂದಲೇ ಕಳಿಸಿದ್ದಾಯಿತು.

ಬಿಚ್ಚುವ ಕೆಲಸ ಶ್ರೀಮಂತನದೇ. ಒಬ್ಬನೇ ಮಾಳಿಗೆಯ ಮೇಲೆ ಮೊಣಕಾಲೂರಿ ಕೂತ. ಪ್ಲೇಟಿನ ಗಾಜು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತೊಗರಿ ರಾಶಿಯ ಕಾಲದಲ್ಲಿ ಬೇರೆಯವರ ಪ್ಲೇಟುಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಇರುತ್ತದೆ. ಧೂಳಿಗೇ ಬೆಳಕು ಕಡಿಮೆಯಾಗಿದೆ ಎಂದುಕೊಂಡು ಆಕೆ ದಿನಾ ಏಣಿ ಹತ್ತಿ ಒರೆಸಿರಬೇಕು. ತೆಂಕಣದ ಬಿಸಿಲು ಅವನ ಬೆನ್ನು ಸುಡುತ್ತಿತ್ತು, ಪ್ಲೇಟಿನ ಬೆನ್ನನ್ನೂ. ಮೊದಲ ಬೋಲ್ಟು ಮಿಸುಕಲಿಲ್ಲ. ಅಷ್ಟು ಬಿಗಿದಿದ್ದ. ಪಾನಾ ಜಾರಿ ಗೆಣ್ಣು ಸೀಳಿತು, ನೋವು ಹಿತವೆನಿಸಿತು. ಕೆಳಗಿಳಿಯುವಾಗ ಏಣಿ ಅಲುಗಾಡದಂತೆ ಸುಭದ್ರಾಬಾಯಿಯೇ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅವನು ಕೊನೆಯ ಮೆಟ್ಟಿಲಿಗೆ ಬಂದಾಗ, ಬೇರೆಯವರಿಗೆ ಕೇಳದ ಹಾಗೆ, “ದಕ್ಷಿಣಕ್ಕ ಇಟ್ಟಿದ್ರ ಹತ್ತತಿತ್ತೇನ್ರಿ ಅಣ್ಣಾರ?” ಎಂದಳು. ಹತ್ತುತ್ತಿತ್ತು ಎಂದ ಅವನು. ಆಕೆ ಏಣಿ ಬಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಹಸನು ಮಾಡುತ್ತಿದ್ದ ತೊಗರಿಯ ಕಡೆ ಹೋದಳು.

ಭೀಮೆಯ ಸೇತುವೆಗೆ ಬರುವ ಹೊತ್ತಿಗೆ ಶ್ರೀಮಂತ ಎಲ್ಲವನ್ನೂ ಹೇಳಿ ಮುಗಿಸಿದ್ದ. ಯಾವ ಮೆಟ್ಟಿಲಿಗೂ ಬಾರದ ಮಾತು, ಆಕೆಯ ಮನೆ ಕಣ್ಣಿಗೆ ಮರೆಯಾದ ಮೇಲೆ, ಯಾರೂ ಕೇಳದೆಯೇ ದಬದಬನೆ ಬಂತು. ಪೇಪರಿನ ಫೋಟೋ, ಹೆಂಗಸರ ನಗು, ನಜಮುನ್ನಿಸಾಳ ಪ್ಲೇಟು, ಎತ್ತದ ಫೋನು. ಗಾಡಿ ತಿರುಗಿಸ್ರಿ ಎಂದು ಕೊನೆಗೆ ಹೇಳಿದ. ಜಾವೀದ ಕನ್ನಡಿಯಲ್ಲಿ ಒಮ್ಮೆ ಅವನನ್ನು ನೋಡಿ ಕಣ್ಣು ರಸ್ತೆಗೆ ಇಳಿಸಿದ. ಅರುಣಕುಮಾರ ಹಿಂದೆ ತಿರುಗದೆಯೇ, “ಈಗ ಹೇಳಬಾರದಿತ್ತು ಕಾಕಾ. ಫಾರಂ ಹೋಗ್ಯದ. ನಿಮ್ಮ ನೌಕರೀನೂ ಹೋಗ್ತದ, ನನಗೂ ಕೇಳ್ತಾರ,” ಎಂದ. ಮುಂದಿನ ಪಟ್ಟಿಯಲ್ಲಿ ಆಕೆಯ ಹೆಸರು ಸೇರಿಸೋಣ ಎಂದೂ ಸೇರಿಸಿದ. ಮುಂದಿನ ಪಟ್ಟಿ ಯಾವಾಗ ಎಂದು ಶ್ರೀಮಂತ ಕೇಳಲಿಲ್ಲ. ಕೇಳಬೇಕಿತ್ತು. ಆದರೆ ಆ ಗಳಿಗೆಗೆ ಅವನ ಎದೆಯಿಂದ ಏನೋ ಇಳಿದು ಹೋಗಿ ಮೈಯೆಲ್ಲ ಸಡಿಲಾಗಿತ್ತು. ಹೇಳಿದ್ದಾಯಿತು, ಕೆಲಸವೂ ಉಳಿಯಿತು. ಮುಂಜಾನೆಯಿಂದ ಮೊದಲ ಸಲ ಹೊಟ್ಟೆ ಹಸಿಯಿತು, ಮತ್ತು ಆ ಹಸಿವನ್ನು ಅವನು ನಾಚಿಕೆಯಿಂದ ಗುರುತಿಸಿದ. ಹೊಳೆಯಾಚೆಯ ಹೋಟೆಲಿನಲ್ಲಿ ಎಲ್ಲರಿಗಿಂತ ಹೆಚ್ಚು ತಿಂದವನು ಅವನೇ.

ಜೇವರ್ಗಿ ಕಡೆಯ ಆ ಹೊಲದ ಮನೆ ತಗಡಿನದು. ಚಂದಮ್ಮ ಎಂಬ ಹೆಂಗಸು, ಬಾಣಂತಿ ಮಗಳು, ಕೈಕೂಸು. ಪ್ಲೇಟು ಬರುತ್ತದೆಂದು ಅಂಗಳ ಸಾರಿಸಿ ಕಾದಿದ್ದರು. ಶ್ರೀಮಂತ ಸ್ಟ್ಯಾಂಡನ್ನು ತೆಂಕಣಕ್ಕೆ ಹೊಂದಿಸುವುದನ್ನು ಕೆಳಗಿನಿಂದ ನೋಡಿದ ಚಂದಮ್ಮ, ಹಸುಗೂಸಿನ ಮನೆ, ದಕ್ಷಿಣಕ್ಕ ದೀಪದ ಮುಖ ಮಾಡಬಹುದೇನ್ರಿ ಎಂದು ಅನುಮಾನಿಸುತ್ತ ಕೇಳಿದಳು. ಅವನು ಪಾನಾ ಕೆಳಗಿಟ್ಟ. ತಗಡಿನಿಂದ ಇಳಿದು ಬಂದು ಆಕೆಯ ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ಇದು ದೀಪ ಅಲ್ಲ ತಾಯಿ, ಬರೀ ಬಿಸಿಲು ತಿನ್ನೋದು. ಶಾಂಡಿಗಿ ಒಣ ಹಾಕಬೇಕಾದರೆ ಬಿಸಿಲು ಎಲ್ಲಿ ಬೀಳತದೋ ಅಲ್ಲೇ ಹಾಸತೀರಲ್ಲ, ಹಾಗೆ. ದೀಪ ಒಳಗ ಇರತದ, ಅದರ ಮುಖ ನೀವು ಹೇಳಿದ ಕಡೆ ಮಾಡತೇನಿ, ಮೂಡಣಕ್ಕ ಅಂದರ ಮೂಡಣಕ್ಕ. ದನಿ ಏರಲಿಲ್ಲ. ತನ್ನ ದನಿ ಇಷ್ಟು ಮೆತ್ತಗಿರಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಚಂದಮ್ಮ ಹೌದಲ್ಲ ಎಂದು ನಕ್ಕಳು, ಮಗಳೂ ನಕ್ಕಳು. ಆ ಮಾತಿಗೆ ಹಿಡಿದ ಹೊತ್ತಿನಲ್ಲಿ ಜಾವೀದ ಹಚ್ಚಿದ ಬೀಡಿ ಅರ್ಧವೂ ಮುಗಿದಿರಲಿಲ್ಲ. ಶ್ರೀಮಂತ ಎದ್ದು ಮತ್ತೆ ತಗಡಿನ ಮೇಲೆ ಹತ್ತಿದ.

ಮೇಲಕ್ಕೆ ಎತ್ತಿ ಕೊಡುವ ಮುಂಚೆ ಚಂದಮ್ಮ ಪ್ಲೇಟಿನ ಚೌಕಟ್ಟಿನ ಕೆಳಗಂಚಿನ ಧೂಳನ್ನು ಸೆರಗಿನಲ್ಲಿ ಒರೆಸಿದಳು. ಒರೆಸುತ್ತ ಕೈ ನಿಲ್ಲಿಸಿದಳು. ಧೂಳಿನ ಅಡಿಯಲ್ಲಿ ಅರಿಶಿಣದ ಗೀರು, ಅದರ ಮೇಲೆ ಸಾಲಾಗಿ ಐದು ಕುಂಕುಮದ ಬೊಟ್ಟು. ದಸರೆಗೆ ಮಾಳಿಗೆ ಹತ್ತಿ, ಮಂಕಾಗತೊಡಗಿದ ಪ್ಲೇಟಿಗೆ ಆಯುಧದ ಪೂಜೆ ಮಾಡಿದ ಸುಭದ್ರಾಬಾಯಿಯ ಕೈಯ ಗುರುತು.

“ಪೂಜಿ ಮಾಡೇ ತಂದೀರಿ ನೋಡ್ರಿ, ಭಾಳ ಚಲೋ ಆತು,” ಎಂದಳು ಚಂದಮ್ಮ. ಶ್ರೀಮಂತ ಹೂಂ ಎಂದು ಕೈ ಚಾಚಿ ಪ್ಲೇಟು ಇಸಿದುಕೊಂಡ.